ಬಚ್ಚಲ ಗೋಡೆಗೆ ಆಲದ ಗಿಡ

ಅಪ್ಪಾ,

ಎಬ್ಬಿಸಿದರೆ ಜಗಳವಾಗುತ್ತದೆ, ಅದಕ್ಕೇ ಚೀಟಿ.

ನಿಂಬೆ ಗಿಡ ತಾ ಎಂದು ದುಡ್ಡು ಕೊಟ್ಟರೆ, ಅಗ್ಗಕ್ಕೆ ಸಿಕ್ಕಿತೆಂದು ಆಲದ ಗಿಡ ತಂದು, ನಾನೇ ಕಟ್ಟಿದ ಬಚ್ಚಲ ಗೋಡೆಗೆ ಒತ್ತಿ ನೆಟ್ಟಿದ್ದೀಯಲ್ಲ! ನಮ್ಮ ಹಿತ್ತಲಲ್ಲಿ ಮಂಚ ಹಾಕಿದರೆ ಕಾಲು ಪಕ್ಕದ ಮನೆಗೆ ಹೋಗುತ್ತದೆ. ಊರ ಮಕ್ಕಳಿಗೆಲ್ಲ "ಬೆಳೆಯೋ ಮೈ" ಅಂತ ಗೇಣುದ್ದ ಮಡಿಕೆ ಬಿಟ್ಟು ಚಡ್ಡಿ ಹೊಲಿಯುವ ದರ್ಜಿ ನೀನು. ಆಲ ಬೆಳೆಯುವುದಿಲ್ಲವಾ? ಅದರ ಬೇರು ಗೋಡೆ ಸೀಳಿ ಬಂದು ನಿನ್ನ ಬೆನ್ನು ಉಜ್ಜುತ್ತದೆ, ನೋಡ್ತಿರು.

ಸಂಜೆಯೊಳಗೆ ಅದನ್ನು ಕಿತ್ತು ನರ್ಸರಿಗೆ ವಾಪಸ್ ಕೊಟ್ಟು ನಿಂಬೆ ತಾ. ಹುಷಾರಾಗಿ ಕೀಳು, ಬೇರು ಹರಿದೀತು. ಬಾಡಿತ್ತು ಪಾಪ, ನೀರು ಹಾಕಿದ್ದೇನೆ. ಬಿಸಿಲು ತಾಗದಿರಲೆಂದು ನಿನ್ನ ಹೊಸ ಅಂಗಿ ಹೊದಿಸಿದ್ದೇನೆ.

ಈಗ ದೊಗಳೆ. ಬೆಳೆದರೆ ಸರಿಹೋಗುತ್ತೆ.