ತಂತಿಗಳ ನಡುವಿನ ರಬ್ಬರ್ ಚೂರು

ಮಾರ್ಚ್ 3, ಬೆಳಿಗ್ಗೆ

ಪಿಯಾನೋ ಒರೆಸಿದ್ದಾಯಿತು. ನಾನು ಒರೆಸದಿದ್ದರೆ ಈ ಮನೆಯಲ್ಲಿ ಧೂಳು ಯಾರ ಕಣ್ಣಿಗೂ ಬೀಳುವುದಿಲ್ಲ. ಮಗಳು ಆಗಲೇ ನುಡಿಸಲು ಶುರು ಮಾಡಿದ್ದಾಳೆ — ಪಾತ್ರೆ ಉರುಳಿದ ಹಾಗೆ, ಯಾರೋ ಬಾಗಿಲು ಬಡಿದ ಹಾಗೆ. ದೊಡ್ಡ ದೊಡ್ಡ ಹಾಲ್‌ಗಳಲ್ಲಿ ನುಡಿಸಿದವಳು. ಕಿವಿಗೆ ಹಿತವಾದದ್ದು ನುಡಿಸಿದ್ದರೆ ಇನ್ನೂ ಎಲ್ಲಿಗೋ ಹೋಗುತ್ತಿದ್ದಳು. ಹೇಳಿಯೇ ಬಿಟ್ಟೆ.

"ಅಮ್ಮ, ಇದನ್ನ ಬರೆದೋರು ಇನ್ನೂ ಬದುಕಿದ್ದಾರೆ. ಸತ್ತಮೇಲೆ ನುಡಿಸಿದ್ರೆ ಅವರಿಗೇನು ಬಂತು?"

"ಇದನ್ನ ಕೇಳ್ತಾ ನಾನು ಬದುಕಿರೋದೇ ದೊಡ್ಡದು."

ನಕ್ಕಳು. ಮತ್ತೆ ಬಾಗಿಲು ಬಡಿದಳು.

ಮಾರ್ಚ್ 11

ಹೊಸ ತಲೆನೋವು. ಅವಳು ಪಾಠ ಹೇಳುವ ಸ್ಕೂಲಿನ ಮಕ್ಕಳೇ ಸೇರಿ ಒಂದು ಸಂಗೀತ ಕಟ್ಟಿದ್ದಾರಂತೆ. ಭಾನುವಾರ ಇವಳು ಅದನ್ನು ಜನರೆದುರು ನುಡಿಸುವುದಂತೆ, ಅದೂ ನಮ್ಮ ಮನೆಯಲ್ಲೇ. ಹಾಲ್‌ನವರು ತಮ್ಮ ಪಿಯಾನೋ ಕೊಡಲೊಲ್ಲರು. ಯಾಕೆಂದು ನಾನು ಕೇಳಲಿಲ್ಲ.

ಮಕ್ಕಳು ದಿನಾ ಸಂಜೆ ಬರುತ್ತವೆ. ನಾನು ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತೇನೆ. ಆದರೂ ಕೇಳುತ್ತದೆ. ಒಂದು ಸದ್ದಂತೂ... ಮುದುಕ ಬೋಗುಣಿಯೊಳಗೆ ಕೆಮ್ಮಿದ ಹಾಗೆ. ಕನ್ನಡಕದ ಹುಡುಗಿಯದಂತೆ ಅದು. ಅವಳಿಗೆ ಅದರದೇ ಹೆಮ್ಮೆ.

ಮಾರ್ಚ್ 14, ಮಧ್ಯಾಹ್ನ

ಮಗಳು ಸ್ಕೂಲಿಗೆ ಹೋಗಿದ್ದಾಳೆ. ಪಿಯಾನೋ ಮುಚ್ಚಳ ಎತ್ತಿ ನೋಡಿದರೆ — ತಂತಿಗಳ ನಡುವೆ ಸ್ಕ್ರೂ, ನಟ್ಟು, ಬಟ್ಟೆ ಕ್ಲಿಪ್ಪು, ರಬ್ಬರ್ ಚೂರು! ಮಕ್ಕಳ ಕಿತಾಪತಿ. ಇವಳು ಸಲಿಗೆ ಕೊಟ್ಟದ್ದಕ್ಕೆ. ಎಲ್ಲ ಕಿತ್ತು ಡಬ್ಬಿಗೆ ಹಾಕಿದೆ. ತಂತಿ ಒರೆಸಿದೆ. ಈಗ ಫಳಫಳ.

ಸಂಜೆ

ಬಂದವಳು ಒಂದು ಕೀ ಒತ್ತಿದಳು. ಇನ್ನೊಂದು. ಮುಚ್ಚಳ ಎತ್ತಿದಳು.

"ಅಮ್ಮ... ಯಾವುದು ಎಲ್ಲಿತ್ತು, ನೆನಪಿದೆಯಾ?"

"ಕಸದ ಜಾಗ ಯಾರಾದ್ರೂ ನೆನಪಿಟ್ಕೋತಾರಾ?"

"ಅದೇ, ಅಮ್ಮ, ಮಕ್ಕಳ ಸಂಗೀತ. ಅವನ್ನೆಲ್ಲ ಒಳಗಿಟ್ಟೇ ನುಡಿಸೋದು. ಅದಕ್ಕೇ ಹಾಲ್‌ನೋರು ಬೇಡ ಅಂದಿದ್ದು. ಒಂದೊಂದು ಮಗುನೂ ಹುಡುಕಿ ಹುಡುಕಿ ತನ್ನ ಸದ್ದನ್ನ ಅಲ್ಲಿಟ್ಟಿತ್ತು."

ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಬಹುದಿತ್ತು. ತಪ್ಪಾಯಿತು ಅನ್ನಬೇಕಿತ್ತು. "ಊಟಕ್ಕೆ ಏಳು" ಅಂದೆ.

ಮಾರ್ಚ್ 15

ಮಕ್ಕಳು ಬಂದವು. ತಂತಿ ನಡುವೆ ಇಡುವುದು, ಕೀ ಒತ್ತುವುದು, ಕೇಳುವುದು, ಮತ್ತೆ ತೆಗೆಯುವುದು. ನಾನೂ ಅಡುಗೆಮನೆ ಬಿಟ್ಟು ಬಂದು ಕೂತೆ.

"ಅದು ಇನ್ನೂ ಒರಟಾಗಿತ್ತು." ಬಾಯಿಂದ ಬಂದೇ ಬಿಟ್ಟಿತು. ಎಲ್ಲ ನನ್ನ ಕಡೆ ತಿರುಗಿದರು. ಇಷ್ಟು ದಿನ ಶಪಿಸುತ್ತ ಕೇಳಿದ್ದೆನಲ್ಲ... ಎಲ್ಲ ಬಾಯಿಪಾಠ.

ಹಳೆಯ ಸದ್ದುಗಳು ಒಂದೊಂದಾಗಿ ಸಿಕ್ಕವು. ಕೆಮ್ಮು ಮಾತ್ರ ಸಿಗಲಿಲ್ಲ. ಅದಕ್ಕೆ ಇಟ್ಟಿದ್ದ ರಬ್ಬರ್ ಚೂರು ಡಬ್ಬಿಯಲ್ಲೇ ಇಲ್ಲ. ಕನ್ನಡಕದ ಹುಡುಗಿ ಬೇರೆ ರಬ್ಬರ್ ಇಟ್ಟು ನೋಡಿದಳು.

"ಇದಲ್ಲ ಅಲ್ವಾ ಅಜ್ಜಿ?"

ಅಲ್ಲ. ಸುಳ್ಳು ಹೇಳಲಾಗಲಿಲ್ಲ.

"ಮಿಸ್, ನಂದು ಬಿಟ್ಬಿಡಿ" ಅಂದಳು.

ಮಾರ್ಚ್ 16, ಭಾನುವಾರ

ತುಂಬ ಚಪ್ಪಾಳೆ. ಆ ಹುಡುಗಿಯ ಜಾಗ ಬಂದಾಗ ಬರೀ ಸ್ವರ, ಶುದ್ಧವಾಗಿ. ನಾನು ಯಾವಾಗಲೂ ಬೇಕೆನ್ನುವ ಹಾಗೆ, ಹಿತವಾಗಿ. ಹುಡುಗಿ ತಲೆ ತಗ್ಗಿಸಿದಳು.

ಏಪ್ರಿಲ್ 9

"ಕನ್ನಡಕದೋಳು ಯಾಕೆ ಬರ್ತಿಲ್ಲ?"

"ಬೇರೆ ಟೀಚರ್ ಹತ್ರ ಸೇರಿದಾಳಮ್ಮ. ಅಲ್ಲಿ ಪುಸ್ತಕದಲ್ಲಿರೋದನ್ನೇ ಕಲಿಸ್ತಾರಂತೆ. ಕಿವಿಗೆ ಹಿತವಾಗಿರುತ್ತಂತೆ."

ನನ್ನದೇ ಮಾತು. ಚುಚ್ಚಲು ಹೇಳಿದಳೋ, ಗೊತ್ತಿಲ್ಲ.

ಮಧ್ಯಾಹ್ನ ಗುಡಿಸುವಾಗ ಪಿಯಾನೋ ಕಾಲಿನ ಹಿಂದೆ ಸಿಕ್ಕಿತು. ರಬ್ಬರ್ ಚೂರು. ಮೇಲೆ ಹಲ್ಲಿನ ಗುರುತು.

ಏಪ್ರಿಲ್ 10

ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ಅವಳೇ ಬಾಗಿಲು ತೆಗೆದಳು. ಕರ್ಚೀಫು ಬಿಚ್ಚಿ ರಬ್ಬರ್ ಚೂರು ತೋರಿಸಿದೆ.

"ಪರವಾಗಿಲ್ಲ ಅಜ್ಜಿ. ಈಗ ಬೇರೆ ತಗೊಂಡಿದೀನಿ. ಚೆನ್ನಾಗಿ ಅಳಿಸತ್ತೆ."

ಸಂಜೆ

ಮಗಳು ಮನೆಯಲ್ಲಿಲ್ಲ. ಮುಚ್ಚಳ ಎತ್ತಿದ್ದೇನೆ. ಎರಡು ತಂತಿಗಳ ನಡುವೆ ಆ ಚೂರು ಇಟ್ಟು ಕೀ ಒತ್ತಿದೆ. ಅಲ್ಲ. ಸ್ವಲ್ಪ ಹಿಂದಕ್ಕೆ ಸರಿಸಿದೆ. ಅಲ್ಲ. ಪಕ್ಕದ್ದರಲ್ಲಿ —