ಉಪ್ಪಿನ ಮೇಲೆ ಜಾರಿದ ಬೆಟ್ಟ

ಅಕ್ಕಾ,

ಈ ಕಥೆ ಮೊದಲು ಹೇಳಿದವನು ನಮ್ಮ ಸುರಂಗ ಕೆಲಸದ ಮೇಸ್ತ್ರಿ, ಮೊನ್ನೆ ಊಟದ ಹೊತ್ತಿಗೆ. ಇಲ್ಲಿಯ ನೆಲದಾಳದಲ್ಲಿ ಮೆತ್ತನೆಯ ಉಪ್ಪಿನ ಪದರವಿದೆಯಂತೆ. ಮೇಲಿನ ಬಂಡೆಗಳೆಲ್ಲ ಅದರ ಮೇಲೆ ಜಾರಿ, ಗೋಡೆಗೆ ತಳ್ಳಿದ ಚಾಪೆಯ ಹಾಗೆ ಮಡಿಕೆ ಬಿದ್ದು ಈ ಬೆಟ್ಟಗಳಾದವಂತೆ. ಕೆಲಸ ಬೇಗ ಮುಗಿಯಲೆಂದು ನಮ್ಮ ಇಂಜಿನಿಯರು ಸುರಂಗವನ್ನು ಆ ಪದರದಲ್ಲೇ ಕೊರೆಸುತ್ತಿದ್ದಾರೆ. ಒಳಗಿನ ಕಂಬಗಳು ಆಗಲೇ ಬಾಗಿವೆ.

"ಬೆಟ್ಟ ಜಾರೋಕೆ ಬಚ್ಚಲ ಪಾಚಿ ಮೆಟ್ಟಿತ್ತೇನಯ್ಯಾ?" ಎಂದು ಅಲ್ಲೇ ಇದ್ದ ಇಂಜಿನಿಯರು ನಕ್ಕರು.

"ಹೌದು ಸಾರ್, ಆ ಪಾಚಿನೇ ಈಗ ನಮ್ಮ ಕೈಲಿ ಕೊರೆಸ್ತಿದ್ದೀರಿ" ಎಂದ ಮೇಸ್ತ್ರಿ.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ತಿಳಿಸು. ಕಾರ್ಡಿನಲ್ಲಿ ಇನ್ನು ನಾಲ್ಕೇ ಗೆರೆ ಜಾಗ. ಮಾರನೆಯ ಬೆಳಿಗ್ಗೆ ನಾವು ಯಾರೂ ಒಳಗೆ ಕಾಲಿಡಲಿಲ್ಲ. "ಮೊದಲು ನೀವು ನಡೀರಿ ಸಾರ್" ಎಂದೆವು. ಅವರು ಸುರಂಗದ ಬಾಯಲ್ಲಿ ಕೂತು ಊಟದ ಗಂಟೆಯವರೆಗೂ ಬೂಟಿನ ದಾರ ಕಟ್ಟಿದರು.

ನಿನ್ನ ತಮ್ಮ