ಕೈಲಾಸಕ್ಕೆ ನಾನು ಬರೆದುಕೊಟ್ಟ ದಾರಿ

ಲಿಂಗಸುಗೂರು
ದೀವಳಿಗೆ ಅಮಾವಾಸ್ಯೆ, ಶುಕ್ರವಾರ, 1956

ಮಸ್ಕಿಯ ಮನೆಯಲ್ಲಿರುವ ಅಕ್ಕ ಬಸವಣ್ಣೆಮ್ಮನಿಗೆ, ಬಸವಂತ ತಲೆ ತಗ್ಗಿಸಿ ಮಾಡುವ ಶರಣು.

ಅಕ್ಕ, ಈ ಕಾಗದವನ್ನು ನೀನೇ ಓದಬೇಕು. ಯಾರ ಕೈಗೂ ಕೊಡಬೇಡ, ವಯಸ್ಕರ ಶಾಲೆಯಲ್ಲಿ ನಿನ್ನ ಪಕ್ಕ ಕೂರುವ ಸಕೀನಾಬೀಗೂ ಬೇಡ. ಅದಕ್ಕೇ ಅಕ್ಷರಗಳನ್ನು ದೊಡ್ಡದಾಗಿ, ದುಂಡಗೆ, ಒಂದಕ್ಕೊಂದು ತಾಗದಂತೆ ಬರೆಯುತ್ತಿದ್ದೇನೆ. ಪೂರ್ತಿ ಓದಲು ನಿನಗೆ ಎರಡು ದಿನವಾದರೂ ಹಿಡಿದೀತು. ಆದ್ದರಿಂದ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಗಂಡ, ನನ್ನ ಮಾವ, ಸತ್ತದ್ದು ನಿನ್ನಿಂದಲ್ಲ, ನನ್ನಿಂದ. ಸೋಮವಾರ ಗುಡ್ಡ ಸುತ್ತಲು ಹೋಗಬೇಡ. ಉಳಿದದ್ದನ್ನು ನಿಧಾನವಾಗಿ ಓದು.

ಹೋದ ತಿಂಗಳು ಮಾನೌಮಿ ರಜೆಗೆ ಬಂದಾಗ ನಿನ್ನ ಕಾಲು ನೋಡಿದೆ. ಹಿಮ್ಮಡಿ ಬಿರಿದು ರಕ್ತ ಒಣಗಿತ್ತು. ಒಂದೂವರೆ ವರ್ಷದಿಂದ ಪ್ರತಿ ಸೋಮವಾರ ಉಪವಾಸವಿದ್ದು, ಬಿಸಿಲಲ್ಲಿ, ಬರಿಗಾಲಲ್ಲಿ ಊರ ಗುಡ್ಡ ಸುತ್ತುತ್ತೀ. ನಾನು ಬೇಡವೆಂದರೆ, "ನನ್ನ ಹೆಸರಿಲೆ ಕೈಲಾಸದ ಗುಡ್ಡ ಸುತ್ತಾಕ ಹೋಗಿ ಹಿಮದಾಗ ಸತ್ತಾರ. ನಾ ಈ ಗುಡ್ಡ ಸುತ್ತಿದ್ರ ನನ್ನ ಗಂಟೇನು ಹೋಗ್ತೈತಿ?" ಎಂದೆ. ಆಮೇಲೆ ಪಾಟಿ ಎಳೆದುಕೊಂಡು ನಿನ್ನ ಹೆಸರು ಬರೆದು ತೋರಿಸಿದೆ. "ಶಿವರಾತ್ರಿ ಹೊತ್ತಿಗೆ ಅವರು ಕಡೀಗೆ ಬರದ ಕಾರ್ಡು ನಾನೇ ಓದ್ತೀನಿ ನೋಡೋ ತಮ್ಮಾ" ಎಂದು ನಕ್ಕೆ. ಸಾವಿನ ಸುದ್ದಿ ಬಂದ ಮೇಲೆ ನೀನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ. ಆ ಕಾರ್ಡಿನಲ್ಲಿ ಎಂಟು ಸಾಲುಗಳಿವೆ, ಅಕ್ಕ. ನಿನಗೆ ನಾನು ಓದಿ ಹೇಳಿದ್ದು ಏಳು.

ಅಕ್ಷರ ಕಲಿಸು ಎಂದು ಹೋದ ವರ್ಷ ನೀನು ನನ್ನನ್ನೇ ಕೇಳಿದ್ದೆ. "ಈ ವಯಸ್ಸಿಗೆ ಯಾಕ ಬಿಡಕ್ಕ" ಎಂದು ತಳ್ಳಿಹಾಕಿದೆ. ಊರ ಮಕ್ಕಳಿಗೆಲ್ಲ ಕೈಹಿಡಿದು ತಿದ್ದಿಸುವ ಮಾಸ್ತರ ಒಡಹುಟ್ಟಿದವಳಿಗೆ ಒಂದಕ್ಷರ ಕಲಿಸಲಿಲ್ಲ. ಯಾಕೆಂದು ಈಗ ನಿನಗೆ ತಿಳಿದಿರಬೇಕು. ಈ ಕಾಗದವನ್ನೂ ದೊಡ್ಡ ಮನಸ್ಸಿನಿಂದ ಬರೆಯುತ್ತಿಲ್ಲ. ನೀನೇ ಓದಿ ಹಿಡಿಯುವ ಮೊದಲು ಬಾಯಿ ಬಿಡುತ್ತಿದ್ದೇನೆ, ಅಷ್ಟೆ.

ಮಾವನಿಗೆ ದಾರಿ ಹೇಳುವ ಪ್ರಸಂಗ ಯಾರಿಗೂ ಯಾವತ್ತೂ ಬಂದಿರಲಿಲ್ಲ. ಕಿರಾಣಿ ಅಂಗಡಿಯ ತಕ್ಕಡಿ ಮುಂದೆ ಕೂತ ಹಂಪಣ್ಣನೇ ಬೇರೆ, ಹೆಗಲಿಗೆ ಕಂಬಳಿ ಹಾಕಿ ಹೊರಟ ಹಂಪಣ್ಣನೇ ಬೇರೆ. ಹನ್ನೆರಡು ಸಲ ಶ್ರೀಶೈಲದ ಮಲ್ಲಯ್ಯನಲ್ಲಿಗೆ ನಡೆದು ಹೋಗಿ ಬಂದ. ರಜಾಕಾರರ ಗದ್ದಲದ ವರ್ಷ ನಮ್ಮಿಬ್ಬರನ್ನೂ ಸಿಂಧನೂರಿನ ಮೇಲೆ ಹಾಯಿಸಿ ತುಂಗಭದ್ರೆ ದಾಟಿಸಿದ್ದು ನೆನಪಿದೆಯಲ್ಲ? ಆಗ ಹೊಳೆಯ ಆಚೆ ದಡವೇ ನಮಗೆ ಪರದೇಶ. ರಸ್ತೆ ಬಿಟ್ಟು ಹೊಲಗಳ ಬದು ಹಿಡಿದು ನಡೆಸಿದ. ನಾನು ಹೆದರಿ "ದಾರಿ ಗೊತ್ತೈತೇನು ಮಾವಾ" ಎಂದು ಹತ್ತು ಸಲ ಕೇಳಿರಬೇಕು. "ಕಾಲಿಗೆ ಗೊತ್ತಿರ್ತೈತಿ, ನೀ ಬಾಯಿ ಮುಚ್ಕೊಂಡು ಬಾರಲೇ" ಎಂದಿದ್ದ. ಅಂಥ ಮನುಷ್ಯ ಜೀವಮಾನದಲ್ಲಿ ಒಂದೇ ಸಲ ಪುಸ್ತಕ ನಂಬಿ ನಡೆದ. ಆ ಪುಸ್ತಕ ಆರಿಸಿಕೊಟ್ಟವನು ನಾನು.

"ಮಲ್ಲಯ್ಯನ ಬಿಡಾರ ನೋಡಿದ್ದಾತು, ಇನ್ನ ಖಾಸಾ ಮನಿ ನೋಡಬೇಕು" ಎಂದು ಆತ ಕೈಲಾಸದ ಮಾತೆತ್ತಿದಾಗ ನೀನು ಅತ್ತೆ, ನಾನು ಕುಣಿದೆ. ಕೈಲಾಸವಿರುವುದು ಹಿಮಾಲಯದ ಆಚೆ, ಟಿಬೆಟ್ಟಿನಲ್ಲಿ. ಅಲ್ಲಿಯ ದಾರಿ ಮಾವನ ಕಾಲಿಗೂ ಗೊತ್ತಿರಲಿಲ್ಲ. "ನೀ ಸುಮ್ನಿರು ಮಾವಾ, ನಕಾಶೆ, ಪುಸ್ತಕ ಎಲ್ಲಾ ನಾ ತರಸ್ತೀನಿ" ಎಂದೆ. ಮಸ್ಕಿಯ ಅಂಗಡಿಕಾರ ಕೈಲಾಸಕ್ಕೆ ಹೋಗುತ್ತಾನೆ, ಅವನಿಗೆ ದಾರಿ ಹೇಳುವವನು ಲಿಂಗಸುಗೂರಿನ ಭೂಗೋಳದ ಮಾಸ್ತರ ಎಂಬ ಜಂಬ ನನ್ನ ತಲೆಗೇರಿತ್ತು.

ಎರಡು ಪುಸ್ತಕ ಸಿಕ್ಕವು. ಒಂದು ಹೈದರಾಬಾದಿನ ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು, ಯಾರೋ ಬಿಳಿಯ ದೊರೆ ಬರೆದ ಇಂಗ್ಲಿಷ್ ಪುಸ್ತಕ. ಅದರ ಹೊಟ್ಟೆಯಲ್ಲಿ ಬಟ್ಟೆಗೆ ಅಂಟಿಸಿದ ದೊಡ್ಡ ನಕಾಶೆ, ಒಂದೊಂದು ಹಳ್ಳ ಕೊಳ್ಳಕ್ಕೂ ಹೆಸರು. ಇನ್ನೊಂದು ಕಾಶಿಯಿಂದ ಅಂಚೆಯಲ್ಲಿ ತರಿಸಿದ್ದು, ಯಾತ್ರಿಕನೊಬ್ಬ ಹಿಂದಿಯಲ್ಲಿ ಬರೆದ ತೆಳ್ಳನೆಯ ಕೈಪಿಡಿ. ಅದರಲ್ಲಿ ನಕಾಶೆಯ ಹೆಸರಿಗೆ ಒಂದು ಗೀಟು, ನಾಲ್ಕು ಚುಕ್ಕೆ. ಮಾವ ನನ್ನ ಕೋಣೆಯಲ್ಲಿ ದೊರೆಯ ನಕಾಶೆ ಹಾಸಿಕೊಂಡು ಅರ್ಧ ದಿನ ಕೂತಿದ್ದ. "ಇದರಾಗ ನಮ್ಮ ಮಸ್ಕಿ ಎಲ್ಲೈತೋ?" ಎಂದು ಕೇಳಿದ. ಇದರಲ್ಲಿ ನಮ್ಮ ದೇಶವೇ ಒಂದು ಮೂಲೆಯಷ್ಟು ಎಂದಾಗ ಆ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದ.

ಸೆಪ್ಟೆಂಬರ್ ಮುಗಿಯುವುದರೊಳಗೆ ಹಿಮಾಲಯದ ಕಣಿವೆ ದಾಟಿ ಈಚೆಗೆ ಬಂದುಬಿಡಬೇಕು, ಆಮೇಲೆ ಹಿಮ ಎನ್ನುತ್ತಿತ್ತು ದೊರೆಯ ಪುಸ್ತಕ. ಆಶ್ವಿನ ಮಾಸದ ಕೃಷ್ಣ ಪಕ್ಷ ಕಳೆಯುವುದರೊಳಗೆ ಎನ್ನುತ್ತಿತ್ತು ಹಿಂದಿ ಪುಸ್ತಕ. ನಾನು ಪಂಚಾಂಗ ತೆಗೆದು ಎಣಿಸಿದೆ. ಆಶ್ವಿನದ ಕೃಷ್ಣ ಪಕ್ಷ ಮುಗಿಯುವುದು ದೀವಳಿಗೆ ಅಮಾವಾಸ್ಯೆಗೆ; ಆ ವರ್ಷ ಅದು ಅಕ್ಟೋಬರ್ ಇಪ್ಪತ್ತಾರಕ್ಕಿತ್ತು. ಎರಡು ಪುಸ್ತಕಗಳ ನಡುವೆ ಸುಮಾರು ಒಂದು ತಿಂಗಳ ಅಂತರ. ಮಾವ ಅದನ್ನು ಬಿಡಲಿಲ್ಲ. "ಒಂದೊಂದು ಒಂದೊಂದ್ ಹೇಳಾಕತ್ತಾವಲ್ಲೋ ಮಾಸ್ತರ, ಖರೇ ಯಾವುದು?" ಎಂದು ಕೇಳಿದ. ಆತ ಕೇಳಿದ, ಅಕ್ಕ. ಉಳಿದ ಎಲ್ಲದಕ್ಕೂ ನಾನು ಏನಾದರೂ ನೆಪ ಹೇಳಬಲ್ಲೆ, ಇದಕ್ಕೆ ಹೇಳಲಾರೆ.

ನಾನು ಏನೆಂದೆ ಗೊತ್ತೇ? "ದೊರಿಗೋಳು ಥಂಡಿಗೆ ಅಂಜಿ ತಿಂಗಳ ಮೊದಲೇ ಓಡಿ ಬರ್ತಾರ. ಇದು ನಮ್ಮವರು ಬರದದ್ದು. ನಮ್ಮ ತಿಥಿ, ನಮ್ಮ ಮಾಸ. ಇದನ್ನ ಹಿಡಿ" ಎಂದೆ. ಉರ್ದು ಶಾಲೆಯಲ್ಲಿ ಓದಿದವನು ನಾನು, ಪೊಲೀಸ್ ಆಕ್ಷನ್ ಆದ ಮೇಲೆ ನಾಗರಿ ಕಲಿತು ಹಿಂದಿ ಪರೀಕ್ಷೆ ಪಾಸು ಮಾಡಿದ್ದೆ. ಆ ವಿದ್ಯೆಯನ್ನು ಯಾರಿಗಾದರೂ ತೋರಿಸಬೇಕಿತ್ತು. ಇಡೀ ಕೈಪಿಡಿಯನ್ನು ಕನ್ನಡಕ್ಕೆ ಮಾಡಿ ಒಂದು ವಹಿಯಲ್ಲಿ ಬರೆದೆ. ಕಣಿವೆಯ ಮಾತು ಬಂದಲ್ಲಿ, ಓದುವವನಿಗೆ ಅನುಮಾನ ಉಳಿಯಬಾರದೆಂದು, ನನ್ನದೇ ಒಂದು ಮಾತು ಸೇರಿಸಿದೆ. "ಅಂದರೆ ದೀವಳಿಗೆ ಅಮಾವಾಸ್ಯೆಯೊಳಗೆ." ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಇಂಗ್ಲಿಷ್ ಪುಸ್ತಕವನ್ನು ಹೊರಲು ಭಾರವೆಂದು ಹೇಳಿ ನಾನೇ ಇಟ್ಟುಕೊಂಡೆ. ಖರೆ ಹೇಳಬೇಕೆಂದರೆ, ಆ ನಕಾಶೆ ನನ್ನ ತರಗತಿಯ ಗೋಡೆಗೆ ಬೇಕಾಗಿತ್ತು.

ಬಸವ ಜಯಂತಿ ಮುಗಿಸಿಕೊಂಡು ಮಾವ ಹೊರಟ. ಹೊಸ್ತಿಲಲ್ಲಿ ನಿಂತು ನೀನು, "ನನ್ನ ಹೆಸರಿಲೆ ಒಂದು ಸುತ್ತು ಹಾಕಿ ಬರ್ರಿ" ಎಂದೆ. ಮನೆ ಬಿಟ್ಟು ಎಲ್ಲಿಗೂ ಹೋಗದ ಹೆಂಗಸು ಕೇಳಿದ್ದು ಅಷ್ಟೇ. ಅದೂ ನಿನಗೆ ಮುಳ್ಳಾಯಿತು.

ಕಾರ್ತಿಕದಲ್ಲಿ ಕಾರ್ಡು ಬಂತು. ಬೇರೆಯವರ ಕೈಯಲ್ಲಿ ಓದಿಸಬಾರದೆಂದು ನೀನು ನನಗೆ ಹೇಳಿಕಳಿಸಿ ಎರಡು ದಿನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾದೆ. ಮಾವ ಅದನ್ನು ಭಾದ್ರಪದದ ಅನಂತನ ಹುಣ್ಣಿಮೆಯ ದಿನ ಬರೆದು, ಕೆಳಗಿಳಿಯುವ ಯಾತ್ರಿಕರ ಕೈಯಲ್ಲಿ ಕಳಿಸಿದ್ದ. ನಾನು ಗಟ್ಟಿಯಾಗಿ ಓದುತ್ತ ಬಂದೆ. ತನ್ನ ಸುತ್ತು ಮುಗಿಯಿತು, ನಾಳೆ ನಿನ್ನ ಹೆಸರಿನ ಸುತ್ತಿಗೆ ಹೊರಡುತ್ತೇನೆ ಎಂಬಲ್ಲಿಗೆ ನೀನು ಕಣ್ಣೊರೆಸಿಕೊಂಡೆ. ಮುಂದಿನದು ಆರನೇ ಸಾಲು. ಅದರ ಮೇಲೆ ನನ್ನ ಕಣ್ಣು ಬಿತ್ತು. ಅದನ್ನು ಹಾರಿಸಿ, "ಅಂಗಡಿ ಕಡೆ ಲಕ್ಷ್ಯ ಇರಲಿ" ಎಂಬ ಏಳನೆಯದನ್ನು ಓದಿದೆ. ಆಗ ನನ್ನ ತಪ್ಪು ನನಗೆ ಗೊತ್ತಿರಲಿಲ್ಲ, ಭಯ ಮಾತ್ರ ಇತ್ತು.

ಮರುವರ್ಷ ಬೇಸಿಗೆಯಲ್ಲಿ ಅಲ್ಲಿಯ ಊರ ಹಿರಿಯನೊಬ್ಬ ಬರೆಸಿದ ಕಾಗದ ಬಂತು. ಹಿಮ ಕರಗಿದ ಮೇಲೆ ಕಣಿವೆಯ ಆಚೆ ಬದಿಗೆ, ಒಂದು ಬಂಡೆಯ ಮರೆಯಲ್ಲಿ ಮಾವ ಸಿಕ್ಕಿದ್ದ. ಅಲ್ಲೇ ಮಣ್ಣು ಮಾಡಿದರು. ವಹಿಯ ಮೊದಲ ಪುಟದಲ್ಲಿ ನನ್ನ ವಿಳಾಸವಿದ್ದುದರಿಂದ ಲಿಂಗದ ಕರಡಿಗೆಯೂ ವಹಿಯೂ ನನ್ನ ಹೆಸರಿಗೇ ಬಂದವು. ಕರಡಿಗೆಯನ್ನು ನಿನ್ನ ಕೈಗಿಟ್ಟೆ, ವಹಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಊರವರು, "ಮಲ್ಲಯ್ಯ ತನ್ನ ಕಡಿಗೇ ಕರಕೊಂಡಾನ, ಪುಣ್ಯವಂತ" ಎಂದರು. ನೀನು, "ನನ್ನ ಸುತ್ತಿನ ಸಲುವಾಗಿ ತಡಾ ಆತು, ನಾನೇ ಕೊಂದೆ" ಎಂದೆ.

ಅದೇ ವರ್ಷ, ಭಾದ್ರಪದ ಮುಗಿಯುವ ಮಾನೌಮಿ ಅಮಾವಾಸ್ಯೆಗೆ ಎರಡು ದಿನ ಮೊದಲು, ಶಾಲೆಯ ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದೆ. ಕಾಲುವೆ ಕೆಲಸಕ್ಕೆ ಬಂದವರಿಗೆಂದು ಮಥುರಾ ಕಡೆಯ ಹಲವಾಯಿಯೊಬ್ಬ ಮಿಠಾಯಿ ಅಂಗಡಿ ಹಾಕಿದ್ದ. ಜಿಲೇಬಿ ಕೇಳಿದರೆ ಕಡಾಯಿ ಬೋರಲು ಹಾಕಿಕೊಂಡು ಕೂತಿದ್ದ. "ಆಶ್ವಿನ್ ಕಾ ಕೃಷ್ಣಪಕ್ಷ್ ಹೈ ಮಾಸ್ಟರ್‌ಸಾಬ್, ಪಿತರೋಂ ಕೆ ದಿನ್" ಎಂದ. ಹಿರಿಯರಿಗೆ ಎಡೆ ಇಡುವ ದಿನಗಳು, ಈಗ ಮಿಠಾಯಿ ಮಾಡುವುದಿಲ್ಲ ಎಂದು. ಈಗಿನ್ನೂ ಭಾದ್ರಪದ, ಆಶ್ವಿನ ಎಲ್ಲಿಂದ ಬಂತು ಎಂದು ನಾನು ಅವನ ಮುಂದೆಯೂ ಮಾಸ್ತರಿಕೆ ಮಾಡಿದೆ. ಆತ ನಕ್ಕು ತನ್ನ ಪಂಚಾಂಗ ತೆಗೆದು ತೋರಿಸಿದ.

ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅವರದು ಹುಣ್ಣಿಮೆಗೆ. ಹುಣ್ಣಿಮೆ ಕಳೆದ ಮರುದಿನವೇ ಅವರಿಗೆ ಮುಂದಿನ ತಿಂಗಳು. ಹಾಗಾಗಿ ನಾವು ಭಾದ್ರಪದ ಎನ್ನುವ ಕೃಷ್ಣ ಪಕ್ಷ ಅವರಿಗೆ ಆಶ್ವಿನದ್ದು. ಕಾಶಿಯ ಪುಸ್ತಕ ಹೇಳಿದ್ದು ಮಾನೌಮಿ ಅಮಾವಾಸ್ಯೆಯೊಳಗೆ ಇಳಿದು ಬನ್ನಿ ಎಂದು. ನಾನು ಬರೆದುಕೊಟ್ಟದ್ದು ದೀವಳಿಗೆ ಅಮಾವಾಸ್ಯೆ, ಒಂದು ತಿಂಗಳು ತಡ. ಎರಡೂ ಪುಸ್ತಕಗಳು ಒಂದೇ ಮಾತು ಹೇಳಿದ್ದವು, ಅಕ್ಕ. ಬೇರೆ ಹೇಳಿದವನು ನಾನೊಬ್ಬನೇ. ಇದು ಗೊತ್ತಾಗಿ ವರ್ಷದ ಮೇಲಾಯಿತು. ಅಷ್ಟು ದಿನವೂ ನೀನು ಗುಡ್ಡ ಸುತ್ತಿದೆ, ನಾನು ಸಂಬಳ ಎಣಿಸಿ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದೆ.

ಆವತ್ತು ಮನೆಗೆ ಬಂದು ಟ್ರಂಕು ತೆಗೆದೆ. ವಹಿಯ ಕೊನೆಯ ಪುಟದಲ್ಲಿ ಮಾವ ಹುಣ್ಣಿಮೆಯಿಂದ ಈಚೆಗೆ ದಿನಕ್ಕೊಂದು ಗೀಟು ಹಾಕಿದ್ದಾನೆ. ಮೊದಲ ಮೂರು ಗೀಟುಗಳ ಮುಂದೆ "ಬಸವಣ್ಣೆಮ್ಮ" ಎಂದು ಬರೆದಿದ್ದಾನೆ. ನಿನ್ನ ಸುತ್ತಿಗೆ ಹಿಡಿದದ್ದು ಮೂರೇ ದಿನ. ಅದು ಮುಗಿದಾಗ ಮಾನೌಮಿ ಅಮಾವಾಸ್ಯೆಗೆ ಇನ್ನೂ ಹನ್ನೆರಡು ದಿನವಿತ್ತು, ಕಣಿವೆಗೆ ಐದು ದಿನದ ದಾರಿ. ಆರಾಮವಾಗಿ ಇಳಿದು ಬರಬಹುದಿತ್ತು. ಆದರೆ ಮುಂದಿನ ಇಪ್ಪತ್ತೈದು ಗೀಟುಗಳಿಗೆ "ಸರೋವರ, ಪೂಜೆ" ಎಂದಿದೆ. ಇನ್ನೂ ಟೈಮಿದೆ ಎಂದು ಕೂತ. ಹಾಗೆ ಕೂತೂ ದೀವಳಿಗೆಗೆ ಹದಿನೈದು ದಿನ ಇರುವಾಗಲೇ ಹೊರಟಿದ್ದಾನೆ. ಯಾವುದಕ್ಕೂ ಕೊನೆ ಗಳಿಗೆಯವರೆಗೆ ಕಾಯುವ ಮನುಷ್ಯನಲ್ಲ, ನೀನೇ ಬಲ್ಲೆ. ಆಮೇಲೆ ಐದು ಗೀಟುಗಳಿವೆ. ಆರನೆಯದಿಲ್ಲ.

ನಿನ್ನೆ ನಮ್ಮನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ಶಾಲೆಯಲ್ಲಿ ಹೈದರಾಬಾದು ರಾಜ್ಯದ ನಕಾಶೆ ಇಳಿಸಿ ಮಕ್ಕಳಿಗೆ ಪೇಡೆ ಹಂಚಿದೆವು. ಪಕ್ಕದ ಮೊಳೆಗೆ ಎರಡು ವರ್ಷದಿಂದ ತೂಗುತ್ತಿದ್ದ ದೊರೆಯ ನಕಾಶೆಯನ್ನೂ ನಾನು ಇಳಿಸಿದೆ. ಒಂದು ಮೂಲೆಯಲ್ಲಿ ಮಾವನ ಹೆಬ್ಬೆರಳಿನ ಎಣ್ಣೆಯ ಗುರುತು ಇನ್ನೂ ಇದೆ. ಅದನ್ನೂ ವಹಿಯನ್ನೂ ಈ ಕಾಗದದ ಜೊತೆ ಕಟ್ಟಿ ನಾಳೆಯ ಬಸ್ಸಿಗೆ ಕಳಿಸುತ್ತೇನೆ. ಅವು ನಿನ್ನವು.

ಇನ್ನು ಆ ಸಾಲು. ಕಾರ್ಡು ತೆಗೆದು ಎದುರಿಗಿಟ್ಟುಕೋ. ಮೇಲಿನಿಂದ ಐದು ಸಾಲು ಬಿಟ್ಟು ಬೆರಳಿಡು. ನಾನು ಇಲ್ಲಿ ಬರೆಯುವುದು ಅಲ್ಲಿರುವುದಕ್ಕೆ ಸರಿಹೋಗುತ್ತದೋ ಇಲ್ಲವೋ, ಒಂದೊಂದೇ ಅಕ್ಷರ ಕೂಡಿಸಿ ನೋಡು. ನನ್ನ ಮಾತು ನಂಬಬೇಡ.

"ಜೋಡಿ ಬಂದವರೆಲ್ಲ ಹಿಮ ಬೀಳ್ತೈತಿ ನಡಿ ಅಂತ ಜಗ್ಗಾಕತ್ತಾರ, ನಾ ಹೋಗಂಗಿಲ್ಲ, ನಮ್ಮ ಬಸವಂತ ತಪ್ಪು ಬರಿಯಾಂವ ಅಲ್ಲ."

ಸೋಮವಾರ ನಾನು ಮಸ್ಕಿಗೆ ಬರುತ್ತೇನೆ. ಗುಡ್ಡದ ಬುಡದಲ್ಲಿ ಚಪ್ಪಲಿ ಬಿಟ್ಟು, ಇನ್ನು ಮುಂದೆ ಆ ಸುತ್ತನ್ನು ನಾನು ಹಾಕುತ್ತೇನೆ. ಮುಗಿದ ಮೇಲೆ ಮನೆಯ ಮುಂದೆ ಬಂದು ನಿಲ್ಲುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಹಿರಿಯಳನ್ನು ಹರಸುವ ಅಧಿಕಾರ ನನಗಿಲ್ಲ. ಮಲ್ಲಯ್ಯ ನಿನ್ನ ಕಾಲು ಮಾಯಿಸಲಿ. ಬೇರೆ ಕಾಗದಗಳಲ್ಲಿ ಇಲ್ಲಿ "ನಿನ್ನ ತಮ್ಮ" ಎಂದು ಬರೆಯುತ್ತಿದ್ದೆ. ಈ ಸಲ ಆ ಜಾಗ ಖಾಲಿ ಬಿಟ್ಟಿದ್ದೇನೆ. ಈಗ ನಿನಗೆ ಬರೆಯಲು ಬರುತ್ತದೆ. ಬರೆಯಬೇಕೆನಿಸಿದರೆ ನೀನೇ ಬರೆದುಕೋ.

ಬಸವಂತರಾಯ